ಬಿಸಿಲು, ಮಕ್ಕಳು ಮತ್ತು ಟೋಪಿ: 1981ರ ಎರಡು ಕಥೆಗಳು



ಕೆಲವು ಇಸವಿಗಳು ಯುದ್ಧಗಳಿಂದ, ಕೆಲವು ಪಟ್ಟಾಭಿಷೇಕಗಳಿಂದ ಇತಿಹಾಸದಲ್ಲಿ ನೆಲೆನಿಲ್ಲುತ್ತವೆ. ಮಕ್ಕಳ ಆರೋಗ್ಯದ ಚರಿತ್ರೆಯನ್ನು ಓದುವವರಿಗೆ 1981ನೆಯ ಇಸವಿ ಬೇರೊಂದು ಕಾರಣಕ್ಕಾಗಿ ಕುತೂಹಲ ಹುಟ್ಟಿಸುತ್ತದೆ. ಆ ವರ್ಷ ಆಸ್ಟ್ರೇಲಿಯಾದಲ್ಲಿ, ಜನರ ಚರ್ಮವನ್ನು, ಅದರಲ್ಲೂ ಮಕ್ಕಳ ಎಳೆಯ ಚರ್ಮವನ್ನು, ಬಿಸಿಲಿನಿಂದ ಕಾಪಾಡಬೇಕೆಂಬ ಒಂದು ದೊಡ್ಡ ಪ್ರಚಾರಾಂದೋಲನ ಆರಂಭವಾಯಿತು. ಅದೇ ವರ್ಷ ಬ್ರಿಟನ್ನಿನಲ್ಲಿ, ಬಿಸಿಲು ಸಾಲದೆ ಮೂಳೆಗಳು ಬಾಗುತ್ತಿದ್ದ ಮಕ್ಕಳಿಗಾಗಿ ಇನ್ನೊಂದು ಆಂದೋಲನ ಪ್ರಾರಂಭವಾಯಿತು. ಮೊದಲನೆಯದರ ಮಕ್ಕಳು ಬಹುಮಟ್ಟಿಗೆ ಬ್ರಿಟನ್, ಐರ್ಲೆಂಡ್ ಮೂಲದ ಬಿಳಿಯ ಮಕ್ಕಳು; ಬಿಸಿಲ ನಾಡಿನಲ್ಲಿ ಬೆಳೆಯುತ್ತಿದ್ದವರು. ಎರಡನೆಯದರ ಮಕ್ಕಳು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಕಂದು ಬಣ್ಣದ ಮಕ್ಕಳು. ಮೋಡದ ನಾಡಿನಲ್ಲಿ ಬೆಳೆಯುತ್ತಿದ್ದವರು.

ಸೂರ್ಯ ಒಬ್ಬನೇ. ಆದರೂ ಒಂದೆಡೆ ಅವನಿಂದ ಮಕ್ಕಳನ್ನು ಮರೆಮಾಡಬೇಕಾಯಿತು, ಇನ್ನೊಂದೆಡೆ ಅವನಿಲ್ಲದ ಕೊರತೆಯನ್ನು ತುಂಬಿಕೊಡಬೇಕಾಯಿತು. ಇದು ಹೇಗಾಯಿತು ಎಂಬುದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ನಿಮ್ಮಲ್ಲಿ ಹಲವರ ಮಕ್ಕಳು ಮೆಲ್ಬರ್ನ್, ಸಿಡ್ನಿ, ಲಂಡನ್ ನಗರಗಳ ಶಾಲೆಗಳಲ್ಲಿ ಓದುತ್ತಿದ್ದಾರೆ. ಇನ್ನು ಕೆಲವರು ಇಲ್ಲಿಯೇ ನನ್ನಂತೆ ಉಪಾಧ್ಯಾಯ ವೃತ್ತಿಯನ್ನು ಹಿಡಿದು, ದಿನವೂ ಬೆಳಿಗ್ಗೆ ನೂರಾರು ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೀರಿ. ಇಬ್ಬರಿಗೂ ಈ ಕಥೆಯಿಂದ ಪ್ರಯೋಜನವಿದೆ.

ಬಿಸಿಲಿಲ್ಲದ ಊರುಗಳು

ಕಥೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸೋಣ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಎಳೆಯ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುವ, ಎದೆಗೂಡು ವಿಕಾರವಾಗುವ ಒಂದು ಕಾಯಿಲೆ ವೈದ್ಯರ ಗಮನ ಸೆಳೆಯಿತು. ಅದೇ ರಿಕೆಟ್ಸ್. 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬ ವೈದ್ಯ ಅದರ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದ. ಲಕ್ಷಣಗಳೆಲ್ಲ ಅದರಲ್ಲಿದ್ದವು, ನಿಜವಾದ ಕಾರಣ ಮಾತ್ರ ಸಿಕ್ಕಿರಲಿಲ್ಲ. ಮುಂದೆ ಕೈಗಾರಿಕಾ ಕ್ರಾಂತಿಯಾಯಿತು. ಕಲ್ಲಿದ್ದಲಿನ ಹೊಗೆ ಆಕಾಶವನ್ನು ಮುಚ್ಚಿತು. ಇಕ್ಕಟ್ಟಾದ ಓಣಿಗಳಲ್ಲಿ ಕಾರ್ಮಿಕರ ಮನೆಗಳು ಒಂದಕ್ಕೊಂದು ಅಂಟಿಕೊಂಡು ಎದ್ದವು. ಆ ಓಣಿಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ರಿಕೆಟ್ಸ್ ಮನೆಮನೆಯ ಕಾಯಿಲೆಯಾಯಿತು.

1822ರಲ್ಲಿ ಯೆಂಜೇಯ್ ಸ್ನ್ಯಾದೆತ್ಸ್ಕಿ ಎಂಬ ಪೋಲೆಂಡಿನ ವೈದ್ಯ ಒಂದು ಸರಳವಾದ ಸಂಗತಿಯನ್ನು ಗುರುತಿಸಿದ. ಪಟ್ಟಣದ ಮಕ್ಕಳಿಗೆ ಬರುವಷ್ಟು ರಿಕೆಟ್ಸ್ ಹಳ್ಳಿಯ ಮಕ್ಕಳಿಗೆ ಬರುವುದಿಲ್ಲ. ಮಕ್ಕಳನ್ನು ಬಯಲಿಗೆ ಕರೆದೊಯ್ದು ಬಿಸಿಲಿಗೆ ಒಡ್ಡಿರಿ ಎಂದು ಆತ ಸಲಹೆ ಕೊಟ್ಟ. ಯಾರೂ ಹೆಚ್ಚಾಗಿ ಕಿವಿಗೊಡಲಿಲ್ಲ. ಮತ್ತೆ ಆ ಮಾತು ಬಲವಾಗಿ ಕೇಳಿಬಂದದ್ದು 1890ರಲ್ಲಿ, ಥಿಯೊಬಾಲ್ಡ್ ಪಾಮ್ ಎಂಬ ಮಿಷನರಿ ವೈದ್ಯನ ಬರಹದಲ್ಲಿ. ಈತ ಸುಮಾರು ಹತ್ತು ವರ್ಷ ಜಪಾನಿನಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದವನು. ಜಪಾನಿನಲ್ಲಿ ಕಾಣದ ಬಾಗಿದ ಕಾಲುಗಳು ತನ್ನ ದೇಶದಲ್ಲಿ ಬೀದಿಬೀದಿಯಲ್ಲಿ ಕಂಡಾಗ ಅವನಿಗೆ ಆಶ್ಚರ್ಯವಾಯಿತು. ಚೀನಾ, ಭಾರತ, ಸಿಂಹಳ ಮೊದಲಾದ ಕಡೆಗಳಲ್ಲಿದ್ದ ಮಿಷನರಿ ವೈದ್ಯರಿಗೆ ಪತ್ರ ಬರೆದು ವಿಚಾರಿಸಿದ. ಆಹಾರ ಕಡಮೆಯಿದ್ದರೂ, ಮನೆ ಕೊಳಕಾಗಿದ್ದರೂ, ಬಿಸಿಲು ಹೇರಳವಾಗಿರುವ ನಾಡುಗಳಲ್ಲಿ ರಿಕೆಟ್ಸ್ ವಿರಳವೆಂದು ತಿಳಿದುಬಂತು. ಈ ರೋಗಕ್ಕೆ ಮೂಲ ಬಿಸಿಲಿನ ಅಭಾವವೆಂದು ಅವನು ತೀರ್ಮಾನಿಸಿದ. ಬಡತನವೊಂದನ್ನೇ ಕಾರಣವೆಂದು ಹೇಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಬೆಳಕೇ ಔಷಧಿಯಾದ ಕಾಲ

ಆ ಹೊತ್ತಿಗೆ ಬೆಳಕಿಗೆ ಬೇರೊಂದು ದಿಕ್ಕಿನಿಂದಲೂ ಮರ್ಯಾದೆ ದೊರೆಯತೊಡಗಿತ್ತು. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದನ್ನು 1877ರಲ್ಲಿ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು, ಡೌನ್ಸ್ ಮತ್ತು ಬ್ಲಂಟ್, ತೋರಿಸಿದ್ದರು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ವಿದ್ಯುದ್ದೀಪದ ಬೆಳಕನ್ನು ಒಂದೆಡೆ ಸೇರಿಸಿ ಚರ್ಮದ ಕ್ಷಯವನ್ನು ಗುಣಪಡಿಸಿದ. ಅದಕ್ಕಾಗಿ 1903ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಅದೇ 1903ರಲ್ಲಿ ಆಗಸ್ಟ್ ರೋಲಿಯೇ ಎಂಬ ವೈದ್ಯ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದ ಲೇಸಾಂ ಎಂಬ ಊರಿನಲ್ಲಿ ಬಿಸಿಲಿನ ಆಸ್ಪತ್ರೆಯನ್ನು ತೆರೆದ. ಮೂಳೆ ಮತ್ತು ಕೀಲುಗಳ ಕ್ಷಯದಿಂದ ನರಳುತ್ತಿದ್ದ ಮಕ್ಕಳನ್ನು ಮಂಚ ಸಮೇತ ಬಾಲ್ಕನಿಗೆ ತಂದು ಬಿಸಿಲಿಗೆ ಮಲಗಿಸುತ್ತಿದ್ದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರೋಲಿಯೇ ಬಿಸಿಲನ್ನು ಔಷಧಿಯೆಂದು ತಿಳಿದಿದ್ದರಿಂದಲೇ ಅದನ್ನು ಅಳೆದು ಕೊಡುತ್ತಿದ್ದ. ಮೊದಲ ದಿನ ಪಾದಗಳಿಗೆ ಮಾತ್ರ, ಅದೂ ಕೆಲವೇ ನಿಮಿಷ. ಅನಂತರ ದಿನದಿಂದ ದಿನಕ್ಕೆ ಮೊಣಕಾಲು, ತೊಡೆ, ಹೊಟ್ಟೆ ಎಂದು ಬಿಸಿಲು ಮೇಲೇರುತ್ತಿತ್ತು. ಮಕ್ಕಳ ತಲೆಯ ಮೇಲೆ ಬಿಳಿಯ ಟೋಪಿ ಇರುತ್ತಿತ್ತು. ಬಿಸಿಲಿನ ಪರಮಭಕ್ತನಾದವನೂ ಮಗುವಿನ ತಲೆಗೆ ಟೋಪಿ ಹಾಕುವುದನ್ನು ಮರೆತಿರಲಿಲ್ಲ. 1910ರಲ್ಲಿ ದುರ್ಬಲ ಮಕ್ಕಳಿಗಾಗಿ ಅವನು ಬಯಲಿನ ಶಾಲೆಯೊಂದನ್ನೂ ಆರಂಭಿಸಿದ. ಲಂಗೋಟಿಯುಟ್ಟು, ಬಿಳಿ ಟೋಪಿ ತೊಟ್ಟ ಹುಡುಗರು ಹಿಮದ ನಡುವೆ ಬೆಂಚಿನ ಮೇಲೆ ಕುಳಿತು ಪಾಠ ಕೇಳುತ್ತಿರುವ ಆ ಕಾಲದ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ.

ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಹಸಿದ ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯ ತೀವ್ರ ರಿಕೆಟ್ಸ್ ಇದ್ದ ನಾಲ್ಕು ಮಕ್ಕಳಿಗೆ ನೇರಳಾತೀತ ಕಿರಣದ ದೀಪವನ್ನು ಹಿಡಿದ. ಕ್ಷಕಿರಣ ಚಿತ್ರಗಳಲ್ಲಿ ಅವರ ಮೂಳೆಗಳಿಗೆ ಸುಣ್ಣ ತುಂಬಿಕೊಂಡದ್ದು ಸ್ಪಷ್ಟವಾಗಿ ಕಂಡಿತು. ಒಂದು ತೋಳಿಗೆ ಮಾತ್ರ ಕಿರಣ ಬಿದ್ದರೂ ಇನ್ನೊಂದು ತೋಳಿನ ಮೂಳೆಯೂ ಗುಣವಾಗುತ್ತಿತ್ತು. ಅಂದರೆ, ಚರ್ಮದಲ್ಲಿ ಯಾವುದೋ ವಸ್ತು ಉತ್ಪತ್ತಿಯಾಗಿ ರಕ್ತದ ಮೂಲಕ ದೇಹವೆಲ್ಲ ಹರಡುತ್ತಿದೆಯೆಂದು ಅರ್ಥ. ಇದು 1919ರ ಮಾತು. 1921ರಲ್ಲಿ ನ್ಯೂಯಾರ್ಕಿನ ಹೆಸ್ ಮತ್ತು ಉಂಗರ್ ಎಂಬ ವೈದ್ಯರು ರಿಕೆಟ್ಸ್ ಪೀಡಿತ ಮಕ್ಕಳನ್ನು ಬರಿಯ ಬಿಸಿಲಿಗೆ ಒಡ್ಡಿಯೇ ಗುಣಪಡಿಸಿ ತೋರಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ರಿಕೆಟ್ಸನ್ನು ತಡೆಯುವ ವಸ್ತುವನ್ನು ಗುರುತಿಸಿದ. ಅದಕ್ಕೆ ವಿಟಮಿನ್ ಡಿ ಎಂಬ ಹೆಸರಾಯಿತು. ಬಿಸಿಲಿನ ಒಂದು ಬಗೆಯ ನೇರಳಾತೀತ ಕಿರಣ ಚರ್ಮದಲ್ಲಿರುವ ಕೊಬ್ಬಿನಂತಹ ವಸ್ತುವೊಂದನ್ನು ಈ ವಿಟಮಿನ್ನಾಗಿ ಪರಿವರ್ತಿಸುತ್ತದೆ ಎಂಬುದು ಕ್ರಮೇಣ ತಿಳಿಯಿತು. ಮಸಿಯ ಆಕಾಶದ ಕೆಳಗೆ ಬಾಗಿದ ಕಾಲುಗಳ ರಹಸ್ಯ ಬಯಲಾಯಿತು.

ಹೀಗೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಐರೋಪ್ಯರಿಗೆ ಬಿಸಿಲೆಂದರೆ ಆರೋಗ್ಯ ಎಂದಾಯಿತು. ಹಿಂದೆ ಮೈ ಕಂದಿದರೆ ಹೊಲಗೆಲಸದವನೆಂದು ಅರ್ಥ. ಈಗ ಕಡಲತೀರದಲ್ಲಿ ಕಳೆಯಲು ಹಣವೂ ಬಿಡುವೂ ಇದ್ದವನೆಂದು ಅರ್ಥ. ಮೈ ಕೆಂಪಾಗಿ ಸಿಪ್ಪೆ ಸುಲಿದರೂ ತಾಯಂದಿರು ಚಿಂತಿಸುತ್ತಿರಲಿಲ್ಲ.

ಹಡಗು ವೇಗ, ಚರ್ಮ ನಿಧಾನ

ಇನ್ನೊಂದು ಪಕ್ಷದ ಸಾಕ್ಷ್ಯವೂ ಅದೇ ಕಾಲದಲ್ಲಿ ಸದ್ದಿಲ್ಲದೆ ಸೇರುತ್ತಿತ್ತು. 1894ರಲ್ಲಿ ಜರ್ಮನಿಯ ಪೌಲ್ ಉನ್ನಾ, ಹಡಗಿನ ಮೇಲೆ ಬಾಳೆಲ್ಲ ಬಿಸಿಲುಂಡ ನಾವಿಕರ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ವರ್ಣಿಸಿದ್ದ. ಫ್ರಾನ್ಸಿನ ಡ್ಯುಬ್ರೇಯ್ ಎಂಬ ವೈದ್ಯ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದ ಕೆಲಸಗಾರರಲ್ಲಿ ಅದನ್ನೇ ಕಂಡಿದ್ದ. 1928ರಲ್ಲಿ ಜಾರ್ಜ್ ಫಿಂಡ್ಲೆ, ನೇರಳಾತೀತ ಕಿರಣದಿಂದ ಇಲಿಗಳ ಚರ್ಮದಲ್ಲಿ ಕ್ಯಾನ್ಸರ್ ಗಡ್ಡೆಗಳನ್ನು ಉಂಟುಮಾಡಿ ತೋರಿಸಿದ. ಮೂಳೆಯನ್ನು ಗಟ್ಟಿಮಾಡುವ ಕಿರಣವೇ ಚರ್ಮದ ಜೀವಕೋಶಗಳ ಒಳಗಿನ ಡಿಎನ್ಎಗೆ ಪೆಟ್ಟು ಕೊಡುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಯಾವುದು ಅತಿ? ಅದು ಯಾರ ಮೈ, ಯಾವ ನೆಲ ಎಂಬುದನ್ನು ಅವಲಂಬಿಸಿದೆ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವಿದೆ. ಅದು ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳಿಗೆ ಕೊಡೆ ಹಿಡಿಯುತ್ತದೆ. ಬಿಸಿಲು ಪ್ರಖರವಾಗಿರುವ ನಾಡುಗಳಲ್ಲಿ ತಲೆತಲಾಂತರ ಬಾಳಿದವರ ಕೊಡೆ ದಪ್ಪ. ಬಿಸಿಲು ಕಡಮೆಯಿರುವ ನಾಡುಗಳವರ ಕೊಡೆ ತೆಳು. ತೆಳುವಾದ್ದರಿಂದಲೇ ಅಲ್ಲಿನ ಅಲ್ಪ ಬಿಸಿಲಿನಲ್ಲೂ ಅವರಿಗೆ ಸಾಕಷ್ಟು ವಿಟಮಿನ್ ಡಿ ದೊರೆಯುತ್ತದೆ. ಈ ಹೊಂದಾಣಿಕೆಗೆ ಸಾವಿರಾರು ವರ್ಷಗಳು ಹಿಡಿದಿವೆ.

ಆಸ್ಟ್ರೇಲಿಯಾದ ಮೂಲನಿವಾಸಿಗಳು ಹತ್ತಾರು ಸಾವಿರ ವರ್ಷಗಳಿಂದ ಆ ಬಿಸಿಲಿನಲ್ಲಿ ಬಾಳಿದವರು. ಅವರ ಚರ್ಮ ಕಪ್ಪು. 1787ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಹೊರಟ ಹಡಗುಗಳ ಮೊದಲ ತಂಡ 1788ರ ಜನವರಿಯಲ್ಲಿ ಅಲ್ಲಿಗೆ ತಲುಪಿತು. ಎಂಟು ತಿಂಗಳಲ್ಲಿ ಮನುಷ್ಯರು ನೆಲ ಬದಲಿಸಿದರು. ಅಷ್ಟರಲ್ಲಿ ಚರ್ಮ ಬದಲಾಗುವುದುಂಟೇ? ಲಂಡನ್ ಸುಮಾರು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ, ಬ್ರಿಸ್ಬೇನ್ 27 ಡಿಗ್ರಿ ದಕ್ಷಿಣದಲ್ಲಿದೆ. ಸಾಲದ್ದಕ್ಕೆ, ಭೂಮಿ ಸೂರ್ಯನಿಗೆ ಅತ್ಯಂತ ಸಮೀಪ ಬರುವುದು ಜನವರಿಯಲ್ಲಿ, ಅಂದರೆ ಆಸ್ಟ್ರೇಲಿಯಾದ ಬೇಸಿಗೆಯಲ್ಲಿ. ಆದ್ದರಿಂದ ಅವರ ಬೇಸಿಗೆಯಲ್ಲಿ ಭೂಮಿಗೆ ಬೀಳುವ ಸೂರ್ಯಶಕ್ತಿ ಉತ್ತರಾರ್ಧಗೋಳದ ಬೇಸಿಗೆಗಿಂತ ಸುಮಾರು ಶೇಕಡ 7ರಷ್ಟು ಹೆಚ್ಚು. ಭೂಗೋಳದ ಪಾಠದಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ವಿಷಯ ಅಲ್ಲಿನವರಿಗೆ ಜೀವನ್ಮರಣದ ಪ್ರಶ್ನೆಯಾಯಿತು.

1956ರಲ್ಲಿ ಹೆನ್ರಿ ಲ್ಯಾಂಕಾಸ್ಟರ್ ಎಂಬ ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಮರಣದ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಒಂದು ಸತ್ಯವನ್ನು ಹೊರತಂದ. ಐರೋಪ್ಯ ಮೂಲದವರು ಸಮಭಾಜಕ ವೃತ್ತಕ್ಕೆ ಸಮೀಪಿಸಿದಷ್ಟೂ ಅವರಲ್ಲಿ ಮೆಲನೋಮ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರಿನಿಂದ ಸಾವುಗಳು ಹೆಚ್ಚುತ್ತವೆ. ಅಲ್ಲಿನ ಉತ್ತರದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯ ಇದರಲ್ಲಿ ಮುಂದಿತ್ತು. 1963ರಲ್ಲಿ ಅಲ್ಲಿನ ವೈದ್ಯರು ಮೆಲನೋಮಕ್ಕೆಂದೇ ಪ್ರತ್ಯೇಕ ಯೋಜನೆಯೊಂದನ್ನು ಆರಂಭಿಸಬೇಕಾಯಿತು.

ಹಾಡಿದ ಕಡಲಹಕ್ಕಿ

ಕಾರಣ ತಿಳಿಯುವುದು ಬೇರೆ, ಜನರ ನಡತೆ ಬದಲಾಗುವುದು ಬೇರೆ. ಕಡಲತೀರದ ಬದುಕನ್ನೇ ತಮ್ಮ ಗುರುತಾಗಿಸಿಕೊಂಡ ಜನರಿಗೆ ಬಿಸಿಲಿಗೆ ಹೋಗಬೇಡಿರೆಂದರೆ ಕೇಳುವವರಾರು? 1981ರಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಕ್ಯಾನ್ಸರ್ ನಿರೋಧಕ ಮಂಡಳಿ ಇದಕ್ಕೆ ಒಂದು ಉಪಾಯ ಹೂಡಿತು. ಟಿ.ವಿ.ಯಲ್ಲಿ ಸಿಡ್ ಎಂಬ ಕಡಲಹಕ್ಕಿಯ ವ್ಯಂಗ್ಯಚಿತ್ರ ಬಂತು. ಚಡ್ಡಿ ತೊಟ್ಟ ಆ ಹಕ್ಕಿ ಕುಣಿಯುತ್ತ ಹಾಡಿ ಮೂರು ಕೆಲಸಗಳನ್ನು ಹೇಳುತ್ತಿತ್ತು: ಸ್ಲಿಪ್, ಸ್ಲಾಪ್, ಸ್ಲ್ಯಾಪ್. ಅಂಗಿಯನ್ನು ತೊಡು, ಸನ್‌ಸ್ಕ್ರೀನ್ ಮುಲಾಮನ್ನು ಹಚ್ಚು, ತಲೆಗೆ ಟೋಪಿಯನ್ನು ಏರಿಸು. ಬಿಸಿಲಿಗೆ ಹೋಗಲೇಬೇಡ ಎಂದು ಅದು ಹೇಳಲಿಲ್ಲ, ಕ್ಯಾನ್ಸರಿನ ಭೀಕರ ಚಿತ್ರ ತೋರಿಸಿ ಹೆದರಿಸಲೂ ಇಲ್ಲ. ಮಕ್ಕಳು ಹಾಡು ಕಲಿತರು. ದೊಡ್ಡವರಿಗೆ ಮಕ್ಕಳು ಕಲಿಸಿದರು. ಮುಂದೆ ಇದಕ್ಕೆ ನೆರಳನ್ನು ಹುಡುಕು, ಕಪ್ಪು ಕನ್ನಡಕ ಹಾಕಿಕೋ ಎಂಬ ಇನ್ನೆರಡು ಮಾತುಗಳು ಸೇರಿದವು. ತರಗತಿಯಲ್ಲಿ ನಿಂತ ಯಾವ ಉಪಾಧ್ಯಾಯರಿಗೂ ಇದರ ಮರ್ಮ ಅರ್ಥವಾಗುತ್ತದೆ. ಬೇಡ ಎಂದು ಹೇಳಿದ್ದನ್ನು ಮಗು ಮರೆಯುತ್ತದೆ. ಮಾಡು ಎಂದು ಹೇಳಿ ಕೈಗೆ ಕೆಲಸ ಕೊಟ್ಟದ್ದನ್ನು ನೆನಪಿಡುತ್ತದೆ.

ಮಕ್ಕಳ ಮೇಲೇ ಇಷ್ಟು ಗಮನವೇಕೆ? ಇದಕ್ಕೆ ಬಲವಾದ ಆಧಾರ 1984ರಲ್ಲಿ ದೊರೆಯಿತು. ಪಶ್ಚಿಮ ಆಸ್ಟ್ರೇಲಿಯಾದ ಹೋಲ್ಮನ್ ಮತ್ತು ಆರ್ಮ್‌ಸ್ಟ್ರಾಂಗ್ ಎಂಬ ಸಂಶೋಧಕರು ವಲಸೆ ಬಂದವರನ್ನು ಅಧ್ಯಯನ ಮಾಡಿದರು. 10 ವರ್ಷ ತುಂಬುವುದರೊಳಗೆ ಆಸ್ಟ್ರೇಲಿಯಾಕ್ಕೆ ಬಂದವರಿಗೆ ಮೆಲನೋಮದ ಅಪಾಯ ಅಲ್ಲಿಯೇ ಹುಟ್ಟಿದವರಷ್ಟೇ ಇತ್ತು. 15 ವರ್ಷ ಕಳೆದ ಮೇಲೆ ಬಂದವರಿಗೆ ಅದರ ಸುಮಾರು ಕಾಲು ಭಾಗ ಮಾತ್ರ. ಬಾಲ್ಯದಲ್ಲಿ ಸುಟ್ಟ ಮೈ ಆಗ ಒಂದು ವಾರದಲ್ಲಿ ವಾಸಿಯಾದಂತೆ ಕಂಡರೂ ಒಳಗಿನ ಲೆಕ್ಕ ಮುಗಿದಿರುವುದಿಲ್ಲ. ನಲವತ್ತು ಐವತ್ತು ವರ್ಷಗಳ ಅನಂತರ ಬಡ್ಡಿ ಸಮೇತ ವಸೂಲಾಗುತ್ತದೆ. ಆದ್ದರಿಂದ ಕಾಪಾಡಬೇಕಾದ ಸಮಯವೆಂದರೆ ಶಾಲೆಯ ವಯಸ್ಸು. ಕಾಪಾಡಬೇಕಾದ ಜಾಗವೆಂದರೆ ಮಗು ನಡುಹಗಲನ್ನು ಕಳೆಯುವ ಶಾಲೆ.

1988ರಲ್ಲಿ ಈ ಕೆಲಸ ಸನ್‌ಸ್ಮಾರ್ಟ್ ಎಂಬ ಹೆಸರಿನ ಸ್ಥಿರ ಕಾರ್ಯಕ್ರಮವಾಯಿತು. 1994ರಿಂದ ವಿಕ್ಟೋರಿಯಾದ ಪ್ರಾಥಮಿಕ ಶಾಲೆಗಳು ಅದಕ್ಕೆ ಸೇರತೊಡಗಿದವು. ಟೋಪಿ ಇಲ್ಲದಿದ್ದರೆ ಬಯಲಿನಲ್ಲಿ ಆಟವಿಲ್ಲ, ನೆರಳಿನಲ್ಲಿ ಕುಳಿತುಕೊಳ್ಳಬೇಕು ಎಂಬ ನಿಯಮ ಅಲ್ಲಿ ಇಂದು ಸರ್ವಸಾಮಾನ್ಯ. ಸೈನಿಕರ ಹಿಂಗುತ್ತಿಗೆಯನ್ನು ಮುಚ್ಚುವಂತೆ ಹಿಂದೆ ಬಟ್ಟೆ ಇಳಿಬಿದ್ದ ಟೋಪಿ, ಇಲ್ಲವೇ ಸುತ್ತಲೂ ಅಗಲವಾದ ಅಂಚಿರುವ ಟೋಪಿ ಆಗಬೇಕು. ಕ್ರಿಕೆಟ್ ಆಟಗಾರರ ಮುಂದೆ ಮಾತ್ರ ಚಾಚಿದ ಟೋಪಿ ಸಾಲದು, ಏಕೆಂದರೆ ಅದು ಕಿವಿಗೂ ಕುತ್ತಿಗೆಗೂ ನೆರಳು ಕೊಡದು. ಟೋಪಿ ಯಾವಾಗ ಬೇಕು ಎಂಬುದಕ್ಕೂ ಅಳತೆಯಿದೆ. ನೇರಳಾತೀತ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಅಗತ್ಯ. ಮೆಲ್ಬರ್ನಿನಲ್ಲಿ ಆಗಸ್ಟ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಇದು ಅನ್ವಯಿಸುತ್ತದೆ. ಸೂಚ್ಯಂಕವೇ ಏಕೆ, ಸೆಕೆಯಾದಾಗ ಟೋಪಿ ಹಾಕಿದರಾಗದೇ ಎಂದು ನೀವು ಕೇಳಬಹುದು. ನೇರಳಾತೀತ ಕಿರಣ ಕಣ್ಣಿಗೂ ಕಾಣದು, ಮೈಗೂ ಬಿಸಿಯೆನಿಸದು. ತಂಪಾದ ಗಾಳಿ ಬೀಸುವ, ತೆಳುಮೋಡ ಕವಿದ ದಿನವೂ ಚರ್ಮ ಸುಡಬಲ್ಲದು. ಸೆಕೆ ಬೇರೆ, ಕಿರಣ ಬೇರೆ.

ಮುಲಾಮಿನ ಪ್ರಯೋಜನವನ್ನೂ ಅವರು ಪರೀಕ್ಷಿಸದೆ ನಂಬಲಿಲ್ಲ. ಕ್ವೀನ್ಸ್‌ಲ್ಯಾಂಡಿನ ನ್ಯಾಂಬೂರ್ ಎಂಬ ಊರಿನಲ್ಲಿ 1992ರಲ್ಲಿ 1,621 ಮಂದಿ ವಯಸ್ಕರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಕೆಲವರು ದಿನವೂ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ತಮ್ಮಿಚ್ಛೆಯಂತೆ ನಡೆಯಬಹುದು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇಕಡ 40ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟವಾಯಿತು. ಅವರನ್ನು ಮತ್ತೆ ಹಲವು ವರ್ಷ ಗಮನಿಸಿದಾಗ ಮೆಲನೋಮವೂ ಅರ್ಧಕ್ಕೆ ಇಳಿದಿತ್ತು: ಒಂದು ಗುಂಪಿನಲ್ಲಿ 22 ಮಂದಿಗೆ ಬಂದಿದ್ದರೆ, ಇನ್ನೊಂದರಲ್ಲಿ 11 ಮಂದಿಗೆ. ಕೃತಕ ದೀಪದಿಂದ ಮೈ ಕಂದಿಸಿಕೊಳ್ಳುವ ಅಂಗಡಿಗಳನ್ನು 2015ರಿಂದ ಆಸ್ಟ್ರೇಲಿಯಾದ ಹೆಚ್ಚಿನ ಪ್ರಾಂತ್ಯಗಳು ಮುಚ್ಚಿಸಿದವು. ಇಂದಿಗೂ ಅಲ್ಲಿ ಮೂವರಲ್ಲಿ ಇಬ್ಬರಿಗಾದರೂ ಜೀವಮಾನದಲ್ಲಿ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಆದರೆ ಟೋಪಿ ಹಾಕಿ ಬೆಳೆದ ಪೀಳಿಗೆಯಲ್ಲಿ, 40 ವರ್ಷದೊಳಗಿನವರಲ್ಲಿ, ಮೆಲನೋಮ ಇಳಿಮುಖವಾಗಿದೆ.

ಮೋಡದ ನಾಡಿನ ಕಂದು ಮಕ್ಕಳು

ಈಗ 1981ರ ಎರಡನೆಯ ಕಥೆ. ಎರಡನೆಯ ಮಹಾಯುದ್ಧದ ಅನಂತರ ನಮ್ಮ ಉಪಖಂಡದಿಂದ ಸಾವಿರಾರು ಕುಟುಂಬಗಳು ಬ್ರಿಟನ್ನಿನ ಕಾರ್ಖಾನೆಗಳಿಗೆ, ಗಿರಣಿಗಳಿಗೆ ದುಡಿಯಲು ಹೋದವು. ಗ್ಲಾಸ್ಗೋ ನಗರ 56 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ಬ್ರಿಟಿಷ್ ಮಕ್ಕಳಲ್ಲಿ ಬಹುಮಟ್ಟಿಗೆ ಮಾಯವಾಗಿದ್ದ ರಿಕೆಟ್ಸ್ 1960ರ ದಶಕದ ಆರಂಭದಲ್ಲಿ ಏಷ್ಯಾದಿಂದ ಬಂದವರ ಮಕ್ಕಳಲ್ಲಿ ಮತ್ತೆ ಕಾಣಿಸಿಕೊಂಡಿತು. 1962ರಲ್ಲಿ ಡನ್ನಿಗನ್ ಎಂಬ ವೈದ್ಯ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ದಪ್ಪನೆಯ ಕೊಡೆಯನ್ನು ಹೊತ್ತ ಚರ್ಮ ಅಲ್ಲಿನ ಸಣ್ಣ ಬಿಸಿಲನ್ನು ಒಳಕ್ಕೆ ಬಿಡಲಿಲ್ಲ. ಚಳಿಗೆ ಮೈತುಂಬ ಬಟ್ಟೆ. ಅಪರಿಚಿತ ಬೀದಿಗೆ ಹೆದರಿ ಮನೆಯೊಳಗೇ ಉಳಿಯುವ ತಾಯಿ ಮಕ್ಕಳು. ಮೀನು, ಮೊಟ್ಟೆ ವಿರಳವಾದ ಊಟ. ಎಲ್ಲ ಸೇರಿ ಕಾಲುಗಳು ಬಾಗಿದವು.

ಬ್ರಿಟನ್ನಿನಲ್ಲಿ 1940ರಿಂದ ಮಾರ್ಗರೀನಿಗೆ ವಿಟಮಿನ್ ಡಿ ಬೆರೆಸುವುದು ಕಡ್ಡಾಯವಾಗಿತ್ತು. ಚಪಾತಿ ಹಿಟ್ಟಿಗೂ ಬೆರೆಸಬಹುದಲ್ಲವೇ ಎಂಬ ಸಲಹೆ ಬಂದಾಗ ಸರ್ಕಾರ ಒಪ್ಪಲಿಲ್ಲ. 1979ರಲ್ಲಿ ಗ್ಲಾಸ್ಗೋದಲ್ಲಿ ಏಷ್ಯಾ ಮೂಲದ ಮಕ್ಕಳಿಗೆ ಉಚಿತವಾಗಿ ವಿಟಮಿನ್ ಡಿ ಹಂಚಿದರು, ರಿಕೆಟ್ಸ್ ಕಡಮೆಯಾಯಿತು. 1981ರಲ್ಲಿ ದೇಶದಾದ್ಯಂತ ರಿಕೆಟ್ಸ್ ನಿಲ್ಲಿಸಿ ಎಂಬ ಆಂದೋಲನ ಆರಂಭವಾಯಿತು. ಅದರಿಂದ ಒಳಿತಾದದ್ದು ಉಂಟು. ಆದರೆ ನಿಮ್ಮ ಊಟ ಸರಿಯಿಲ್ಲ, ನಿಮ್ಮ ಉಡುಗೆ ಸರಿಯಿಲ್ಲ ಎಂಬ ಧ್ವನಿ ಅದರಲ್ಲಿ ಅಡಗಿದೆಯೆಂದು ಆಕ್ಷೇಪಿಸಿದವರೂ ಇದ್ದರು. ಎರಡು ಆಂದೋಲನಗಳನ್ನು ಹೋಲಿಸಿ ನೋಡಿ. ಕಡಲಹಕ್ಕಿಯ ಹಾಡು ಆಸ್ಟ್ರೇಲಿಯಾದವರಿಗೆ ಅವರ ಕಡಲನ್ನು ಬಿಡಿರೆಂದು ಹೇಳಲಿಲ್ಲ. ಅವರ ಬದುಕಿಗೆ ಒಂದು ಟೋಪಿಯನ್ನು ಸೇರಿಸಿತು. ವಲಸೆಯವರಿಗೆ ಮಾತ್ರ ಬದುಕನ್ನೇ ತಿದ್ದಿಕೊಳ್ಳುವ ಉಪದೇಶ ಸಿಕ್ಕಿತು. ಒಳ್ಳೆಯ ಮಾತನ್ನು ಹೇಳುವ ರೀತಿಯೂ ಔಷಧಿಯ ಒಂದು ಭಾಗವೇ.

ಎರಡು ಕಥೆಗಳು ಕೂಡಿದ ಜಾಗ

ಈಚಿನ ದಶಕಗಳಲ್ಲಿ ಈ ಎರಡು ಕಥೆಗಳೂ ಒಂದೇ ನೆಲದಲ್ಲಿ ಸಂಧಿಸಿವೆ. ಭಾರತ, ಆಫ್ರಿಕಾ ಮೂಲದ ಸಾವಿರಾರು ಕುಟುಂಬಗಳು ಆಸ್ಟ್ರೇಲಿಯಾದಲ್ಲಿ ನೆಲೆಸಿವೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. 2012ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನದಲ್ಲಿ, ಅಲ್ಲಿನ ರಿಕೆಟ್ಸ್ ಪೀಡಿತ ಮಕ್ಕಳಲ್ಲಿ ಹೆಚ್ಚುಕಡಮೆ ಎಲ್ಲರೂ ಕಪ್ಪು ಅಥವಾ ಕಂದು ಚರ್ಮದವರೇ ಎಂದು ಕಂಡುಬಂತು. ಬಿಸಿಲಿನಿಂದ ಓಡಿ ಎಂದು ಎಲ್ಲರಿಗೂ ಒಂದೇ ಮಾತು ಹೇಳಿದರೆ ಆಗುವ ಪರಿಣಾಮವನ್ನು ಅಲ್ಲಿನ ತಜ್ಞರು ಅರಿತರು. 2024ರ ಅವರ ಹೊಸ ಮಾರ್ಗದರ್ಶನ ಜನರನ್ನು ಚರ್ಮಕ್ಕೆ ಅನುಗುಣವಾಗಿ ಮೂರು ಗುಂಪುಗಳಾಗಿ ವಿಂಗಡಿಸುತ್ತದೆ. ಬಿಳಿಯ ಚರ್ಮದವರು ಕಟ್ಟುನಿಟ್ಟಾಗಿ ರಕ್ಷಣೆ ಮಾಡಿಕೊಳ್ಳಬೇಕು. ನಡುಬಣ್ಣದವರು ಬಯಲಿನಲ್ಲಿ ಸ್ವಲ್ಪ ಹೊತ್ತು ಕಳೆದು, ಹೆಚ್ಚು ಹೊತ್ತು ಇರುವುದಾದರೆ ರಕ್ಷಣೆ ಮಾಡಿಕೊಳ್ಳಬೇಕು. ಗಾಢ ಬಣ್ಣದವರಿಗೆ ದಿನನಿತ್ಯದ ರಕ್ಷಣೆಯ ಅಗತ್ಯ ಕಡಮೆ. ಅವರು ಬಯಲಿನಲ್ಲಿ ಹೆಚ್ಚು ಹೊತ್ತು ಇರುವುದೇ ಒಳಿತು. 1981ರಲ್ಲಿ ಬೇರೆಬೇರೆ ಖಂಡಗಳಲ್ಲಿದ್ದ ಎರಡು ಸತ್ಯಗಳು ಕೊನೆಗೂ ಒಂದೇ ಪುಟಕ್ಕೆ ಬಂದವು.

ಹಾಗೆಂದು ಅಲ್ಲಿರುವ ನಮ್ಮ ಮಕ್ಕಳು ಶಾಲೆಯ ಟೋಪಿಯನ್ನು ಎಸೆಯಬೇಕಿಲ್ಲ. ಟೋಪಿ ಕಣ್ಣಿಗೂ ತಂಪು, ನಿಯಮಕ್ಕೂ ಗೌರವ. ಆದರೆ ಹೆದರಿಕೊಂಡು ಮಗುವನ್ನು ಮನೆಯೊಳಗೇ ಕೂಡಿಹಾಕಬೇಡಿ. ಗಾಜಿನ ಕಿಟಕಿಯ ಹಿಂದೆ ಬೀಳುವ ಬಿಸಿಲಿನಿಂದ ವಿಟಮಿನ್ ಡಿ ದೊರೆಯದು, ಏಕೆಂದರೆ ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಚಳಿಗಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕೇ, ಹನಿಗಳು ಬೇಕೇ ಎಂಬುದನ್ನು ಅಲ್ಲಿನ ವೈದ್ಯರನ್ನೇ ಕೇಳಿ.

ಇಲ್ಲಿರುವವರಿಗೆ ಎರಡು ಮಾತು

ಇನ್ನು ನಮ್ಮ ನಾಡಿನ ಸಂಗತಿ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಬೇಸಿಗೆಯ ನಡುಹಗಲಿನಲ್ಲಿ ಇಲ್ಲಿ ನೇರಳಾತೀತ ಸೂಚ್ಯಂಕ 11ನ್ನು ದಾಟುವುದು ಅಪರೂಪವಲ್ಲ. ಆದರೂ ನಮ್ಮವರಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಹಳ ವಿರಳ. ಅದು ನಮ್ಮ ಕಪ್ಪಿನ ಕೃಪೆ. ಯಾವ ಬಣ್ಣವನ್ನು ನಾವು ಹೆಣ್ಣು ನೋಡುವ ಶಾಸ್ತ್ರದಲ್ಲಿ ಕುಂದೆಂದು ಎಣಿಸುತ್ತೇವೆಯೋ, ಅದೇ ಬಣ್ಣ ಹುಟ್ಟಿದ ದಿನದಿಂದ ನಮ್ಮನ್ನು ಕಾಯುತ್ತಿದೆ. ಬಿಸಿಲಿನಲ್ಲಿ ಆಡಬೇಡ, ಕಪ್ಪಾಗುತ್ತೀಯೆ ಎಂದು ಹೆಣ್ಣುಮಕ್ಕಳನ್ನು ಗದರಿಸಿ ಒಳಗೆ ಕರೆಯುವ ತಾಯಂದಿರು ಇಂದಿಗೂ ಇದ್ದಾರೆ. ಆಸ್ಟ್ರೇಲಿಯಾದ ತಾಯಿ ಮಗುವಿಗೆ ಮುಲಾಮು ಹಚ್ಚುವುದು ಪ್ರಾಣದ ಚಿಂತೆಯಿಂದ. ನಮ್ಮಲ್ಲಿ ಹಚ್ಚುವುದು ಹೆಚ್ಚಾಗಿ ಬಣ್ಣದ ಚಿಂತೆಯಿಂದ. ಮುಲಾಮು ಒಂದೇ ಆದರೂ ಉದ್ದೇಶ ಒಂದೇ ಅಲ್ಲ. ಬಣ್ಣದ ಚಿಂತೆಗೆ ಮಗುವಿನ ಮೂಳೆಯನ್ನೂ ಆಟವನ್ನೂ ಬಲಿಕೊಡಬಾರದು. ಬಿಸಿಲು ತುಂಬಿದ ನಮ್ಮ ದೇಶದಲ್ಲೇ, ಅದರಲ್ಲೂ ನಗರಗಳಲ್ಲಿ, ವಿಟಮಿನ್ ಡಿ ಕೊರತೆ ವ್ಯಾಪಕವಾಗಿರುವುದನ್ನು ವೈದ್ಯರು ಮತ್ತೆ ಮತ್ತೆ ಹೇಳುತ್ತಿದ್ದಾರೆ. ಬಿಸಿಲಿನ ಝಳದಿಂದ ತಲೆಸುತ್ತು ಬರುವುದು, ಮೈಯ ನೀರು ಬತ್ತುವುದು ಬೇರೆ ವಿಷಯ. ಅದಕ್ಕೆ ನೆರಳು, ನೀರು, ತಲೆಗೊಂದು ಬಟ್ಟೆ ಬೇಕೇಬೇಕು. ಕರಾವಳಿಯ ರೈತನ ಅಡಕೆ ಹಾಳೆಯ ಟೋಪಿ, ಬಯಲುಸೀಮೆಯ ರುಮಾಲು, ಹಸುಗೂಸಿನ ಕುಲಾವಿ ಇವೆಲ್ಲ ನಮ್ಮ ಹಿರಿಯರ ವಿವೇಕವೇ.

ಎರಡನೆಯ ಮಾತು ಉಪಾಧ್ಯಾಯರಾಗಿರುವ ಶಿಷ್ಯರಿಗೆ. ನಮ್ಮ ಶಾಲೆಗಳಲ್ಲೂ ಒಂದು ಬಗೆಯ ಮಕ್ಕಳಿಗೆ ಆಸ್ಟ್ರೇಲಿಯಾದ ಪಾಠ ಅಕ್ಷರಶಃ ಅನ್ವಯಿಸುತ್ತದೆ. ಹುಟ್ಟಿನಿಂದಲೇ ಮೈಯಲ್ಲಿ, ಕೂದಲಲ್ಲಿ, ಕಣ್ಣಲ್ಲಿ ಮೆಲನಿನ್ ಇಲ್ಲದ, ಅಥವಾ ತೀರ ಕಡಮೆಯಿರುವ ಮಕ್ಕಳು ಅವರು. ವೈದ್ಯರು ಇದನ್ನು ಆಲ್ಬಿನಿಸಂ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಇವರಿಗೆ ಕೊಡೆಯೇ ಇಲ್ಲ. ನಮ್ಮ ಬಿಸಿಲಿಗೆ ಇವರ ಚರ್ಮ ಬಹುಬೇಗ ಸುಡುತ್ತದೆ, ಮುಂದೆ ಚರ್ಮದ ಕ್ಯಾನ್ಸರಿನ ಅಪಾಯವೂ ಹೆಚ್ಚು. ಬಹುತೇಕ ಇವರಿಗೆ ದೃಷ್ಟಿಯೂ ಮಂದವಾಗಿರುತ್ತದೆ. ಅಂತಹ ಒಂದು ಮಗು ನಿಮ್ಮ ಶಾಲೆಯಲ್ಲಿದ್ದರೆ, ಪ್ರಾರ್ಥನೆಯ ಸಾಲಿನಲ್ಲಿ ಅದನ್ನು ನೆರಳಿನ ಕಡೆ ನಿಲ್ಲಿಸಿ. ಸಮವಸ್ತ್ರದ ನಿಯಮ ಏನೇ ಇರಲಿ, ಪೂರ್ಣ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕಗಳಿಗೆ ಅನುಮತಿ ಕೊಡಿ. ಆಟದ ಪಿರಿಯಡ್ಡನ್ನು ಬೆಳಗಿನ ಅಥವಾ ಸಂಜೆಯ ಹೊತ್ತಿಗೆ ಹೊಂದಿಸಿ, ಮಗು ಆಟದಿಂದ ಹೊರಗುಳಿಯದಂತೆ ನೋಡಿ. ತರಗತಿಯಲ್ಲಿ ಕಪ್ಪುಹಲಗೆಗೆ ಹತ್ತಿರ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಕಡೆ ಕೂರಿಸಿ. ಇದಕ್ಕೆ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ, ಒಂದು ಕಾಸಿನ ಖರ್ಚೂ ಇಲ್ಲ.

ಸ್ನ್ಯಾದೆತ್ಸ್ಕಿಯಿಂದ ಇಂದಿನವರೆಗೆ ಎರಡು ನೂರು ವರ್ಷಗಳ ಈ ಚರಿತ್ರೆಯಲ್ಲಿ ಬಿಸಿಲು ಒಮ್ಮೆ ದೇವರಾಯಿತು, ಒಮ್ಮೆ ಶತ್ರುವಾಯಿತು. ಬಿಸಿಲಿನ ಗುಣ ಮಾತ್ರ ಬದಲಾಗಲಿಲ್ಲ. ಬಿಸಿಲಿನಲ್ಲಿ ನಿಂತ ಮಗು ಯಾರು, ಅದರ ಮೈ ಎಂತಹುದು, ನಿಂತ ನೆಲ ಯಾವುದು ಎಂದು ಕೇಳಿದವರು ಮಕ್ಕಳನ್ನು ಉಳಿಸಿದರು. ಎಲ್ಲ ಮಕ್ಕಳಿಗೂ ಒಂದೇ ಪಾಠ ಒಪ್ಪುವುದಿಲ್ಲವೆಂದು ಬಿ.ಎಡ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಎಲ್ಲ ಮಕ್ಕಳಿಗೂ ಒಂದೇ ಬಿಸಿಲೂ ಒಪ್ಪುವುದಿಲ್ಲ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಗಂಟೆ ಬಾರಿಸಿದಾಗ ನಿಮ್ಮ ಅಂಗಳದಲ್ಲಿ ನೆರಳು ಎಲ್ಲಿ ಬೀಳುತ್ತದೆ, ಅಲ್ಲಿ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿ.